ಬಳ್ಳಾರಿ ಜೀನ್ಸ್ ಮಾರಲು ಆನ್‌ಲೈನ್ ಅಂಗಡಿ: ವೂಕಾಮರ್ಸ್ ಹಾಕಿಸಲೇ, ಶಾಪಿಫೈ ತೆಗೆದುಕೊಳ್ಳಲೇ?

ಪ್ರಶ್ನೆ (ಕೌಲ್‌ಬಜಾರ್, ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ತಂದೆಯವರ ಕಾಲದಿಂದಲೂ ನಮ್ಮದು ಜೀನ್ಸ್ ಹೊಲಿಯುವ ಸಣ್ಣ ಘಟಕ. ನಾವು ಹೊಲಿದ ಪ್ಯಾಂಟುಗಳು ಊರಿನ ಸಗಟು ವ್ಯಾಪಾರಿಗಳ ಲೇಬಲ್ ಹೊತ್ತು ಹೊರರಾಜ್ಯಗಳಿಗೆ ಹೋಗುತ್ತವೆ. ತೊಡುವವರಿಗೆ ನಮ್ಮ ಹೆಸರೇ ಗೊತ್ತಿಲ್ಲ. ಇನ್ನು ಮುಂದೆ ನಮ್ಮ ಹೆಸರಿನಲ್ಲಿಯೇ ನೇರವಾಗಿ ಗ್ರಾಹಕರಿಗೆ ಮಾರಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದ್ದೇವೆ. ಪರಿಚಯದ ಹುಡುಗನೊಬ್ಬ ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಎಂಬ ಸಾಫ್ಟ್‌ವೇರಿಗೆ ವೂಕಾಮರ್ಸ್ ಎಂಬ ಮಾರಾಟದ ಸಾಫ್ಟ್‌ವೇರ್ ಜೋಡಿಸಿ ಅಂಗಡಿ ಕಟ್ಟಿಕೊಡುತ್ತಾನಂತೆ. ಸಾಫ್ಟ್‌ವೇರ್ ಉಚಿತ, ಹೋಸ್ಟಿಂಗ್ ಬಾಡಿಗೆ (ವೆಬ್‌ಸೈಟ್ ಇಡುವ ಸರ್ವರಿನ ಬಾಡಿಗೆ) ಕಟ್ಟಿದರೆ ಸಾಕು ಎನ್ನುತ್ತಾನೆ. ಬೆಂಗಳೂರಿನಲ್ಲಿರುವ ತಂಗಿಯ ಪ್ರಕಾರ, ತಿಂಗಳ ಬಾಡಿಗೆಗೆ ಸಿದ್ಧ ಆನ್‌ಲೈನ್ ಅಂಗಡಿ ಕೊಡುವ ಶಾಪಿಫೈ ತೆಗೆದುಕೊಂಡರೆ ಸರ್ವರಿನ ಚಿಂತೆಯೇ ಇರುವುದಿಲ್ಲ. ಮೊದಲ ವರ್ಷ ತಿಂಗಳಿಗೆ ಒಂದು ಲಕ್ಷ ರೂಪಾಯಿಯ ವ್ಯಾಪಾರವಾದರೆ ನಮಗೆ ತೃಪ್ತಿ. ಕಂಪ್ಯೂಟರಿನಲ್ಲಿ ನನಗೆ ಬರುವುದು ಟ್ಯಾಲಿ ಮಾತ್ರ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಕೊಪ್ಪಳ ಜಿಲ್ಲೆ)

ಕಿನ್ನಾಳದ ಮರದ ಗೊಂಬೆಗಳನ್ನು ಮಾರಲು ನಾನು ವೂಕಾಮರ್ಸ್‌ನಲ್ಲಿಯೇ ಅಂಗಡಿ ತೆರೆದಿದ್ದೆ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಕಟ್ಟಿಕೊಟ್ಟ ಹುಡುಗನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ಪ್ಲಗಿನ್‌ಗಳನ್ನು (ಅಂಗಡಿಗೆ ಜೋಡಿಸಿದ ಸಣ್ಣ ಸಾಫ್ಟ್‌ವೇರ್‌ಗಳನ್ನು) ಎಂಟು ತಿಂಗಳು ಯಾರೂ ಅಪ್‌ಡೇಟ್ ಮಾಡಲಿಲ್ಲ. ನಮಗೆ ವರ್ಷದ ದೊಡ್ಡ ವ್ಯಾಪಾರವೆಂದರೆ ದಸರೆಯ ಗೊಂಬೆ ಕೂರಿಸುವ ದಿನಗಳು. ಅದಕ್ಕೆ ಇನ್ನು ಎರಡು ವಾರವಿದೆ ಎನ್ನುವಾಗ, ಹಣ ಕಟ್ಟುವ ಪುಟ ಒತ್ತಿದ ಗ್ರಾಹಕರು ಯಾವುದೋ ಅಪರಿಚಿತ ತಾಣಕ್ಕೆ ಹೋಗತೊಡಗಿದರು. ಹೋಸ್ಟಿಂಗ್ ಕಂಪನಿಯವರನ್ನು ಕೇಳಿದರೆ, ನಾನು ಕಟ್ಟಿದ ಯೋಜನೆಯಲ್ಲಿ ಬ್ಯಾಕಪ್ ಸೇರಿಲ್ಲ ಎಂದರು. ಗೊಂಬೆಗಳ ಫೋಟೊ, ವಿವರಣೆಗಳೆಲ್ಲ ಹೋದವು. ಪಾರ್ಸೆಲ್ ಕಳಿಸಲು ಪುಸ್ತಕದಲ್ಲಿ ಬರೆದಿಟ್ಟಿದ್ದ ವಿಳಾಸಗಳು ಮಾತ್ರ ಉಳಿದವು, ಆ ವರ್ಷದ ದಸರೆ ವ್ಯಾಪಾರ ಕೈತಪ್ಪಿತು.

ಇದಕ್ಕೆ ವೂಕಾಮರ್ಸ್ ಅನ್ನು ದೂರುವುದು ಸರಿಯಲ್ಲ. 2021ರ ಜುಲೈನಲ್ಲಿ ಅದರಲ್ಲಿ ಗಂಭೀರವಾದ ಭದ್ರತಾ ದೋಷವೊಂದು ಪತ್ತೆಯಾದಾಗ ತಯಾರಕರು ತಡಮಾಡದೆ ತಿದ್ದುಪಡಿ ಹೊರಡಿಸಿದ್ದರು. ಆದರೆ ಅಂಥ ತಿದ್ದುಪಡಿ ನಮ್ಮ ಸರ್ವರಿಗೆ ಬಂದು ಸೇರಿದೆಯೇ ಎಂದು ನೋಡಬೇಕಾದವರು ನಾವೇ. ಆದ್ದರಿಂದ ಆ ಹುಡುಗನನ್ನು ಒಂದೇ ಮಾತು ಕೇಳಿ: ಹಬ್ಬದ ಹಿಂದಿನ ರಾತ್ರಿ ಅಂಗಡಿ ನಿಂತುಹೋದರೆ ಫೋನ್ ಎತ್ತುವವರು ಯಾರು? ಸ್ಪಷ್ಟ ಉತ್ತರ ಬಾರದಿದ್ದರೆ ತಂಗಿಯ ಮಾತು ಕೇಳುವುದೇ ಒಳ್ಳೆಯದು.

ಉತ್ತರ 2 (ರಾಯಚೂರು)

ನಾನು ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವವನು, ವೂಕಾಮರ್ಸ್ ಕೆಲಸವೇ ಹೆಚ್ಚು. ಆದರೂ ನಿಮ್ಮ ಲೆಕ್ಕವನ್ನು ಹಾಕಿ ನೋಡಿದರೆ ಶಾಪಿಫೈಯೇ ಮುಂದೆ ನಿಲ್ಲುತ್ತದೆ. ಬೇರೆಯವರ ಪೇಮೆಂಟ್ ಗೇಟ್‌ವೇ (ಗ್ರಾಹಕರಿಂದ ಆನ್‌ಲೈನ್‌ನಲ್ಲಿ ಹಣ ಪಡೆದು ನಮಗೆ ತಲುಪಿಸುವ ಸೇವೆ) ಬಳಸಿದರೆ ಶಾಪಿಫೈ ತನ್ನ ಬೇಸಿಕ್ ಯೋಜನೆಯಲ್ಲಿ ಶೇಕಡಾ 2ರಷ್ಟು ಶುಲ್ಕವನ್ನು ಪ್ರತ್ಯೇಕವಾಗಿ ಹಿಡಿಯುತ್ತದೆ. ಅದರದೇ ಪಾವತಿ ವ್ಯವಸ್ಥೆ ಭಾರತದಲ್ಲಿ ಇಲ್ಲವಾದ್ದರಿಂದ ಈ ಶುಲ್ಕ ನಮಗೆ ತಪ್ಪುವುದಿಲ್ಲ. ಕ್ಯಾಶ್ ಆನ್ ಡೆಲಿವರಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಒಂದು ಲಕ್ಷದಲ್ಲಿ 60,000 ರೂಪಾಯಿ ಆನ್‌ಲೈನ್‌ನಲ್ಲಿ ಮುಂಗಡವಾಗಿ ಬಂತೆಂದುಕೊಂಡರೆ ಶಾಪಿಫೈ ಪಾಲು 1,200 ರೂಪಾಯಿ, ಅದರ ಮೇಲೆ ತಿಂಗಳ ಬಾಡಿಗೆ. ಗೇಟ್‌ವೇಯವರ ಶುಲ್ಕವನ್ನು ಎರಡೂ ಕಡೆ ಕಟ್ಟಲೇಬೇಕು. ಇಷ್ಟು ಹಣ ಉಳಿಸಲೆಂದು ಸರ್ವರ್, ಬ್ಯಾಕಪ್, ಅಪ್‌ಡೇಟ್‌ಗಳ ಹೊಣೆಯನ್ನು ಟ್ಯಾಲಿ ಮಾತ್ರ ಬಲ್ಲವರು ಹೊರುವುದು ಬೇಡ. ವ್ಯಾಪಾರ ಹತ್ತು ಲಕ್ಷಕ್ಕೆ ಏರಿದಾಗ, ಮುಂಗಡದ ಪ್ರಮಾಣ ಅಷ್ಟೇ ಇದ್ದರೆ, ಅದೇ ಶುಲ್ಕ 12,000 ಆಗುತ್ತದೆ; ಆಗ ಆ ಹಣವನ್ನು ತಿಂಗಳಿಗಿಷ್ಟೆಂದು ಒಬ್ಬ ತಿಳಿದವರಿಗೆ ಕೊಟ್ಟು ಸ್ವಂತ ಹೋಸ್ಟಿಂಗ್‌ಗೆ ಹೋಗುವುದರಲ್ಲಿ ಅರ್ಥವಿದೆ.

ಜೀನ್ಸ್ ಮಾರುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಶಾಪಿಫೈಯಲ್ಲಿ ಒಂದು ವಸ್ತುವಿಗೆ ಮೂರೇ ಬಗೆಯ ಆಯ್ಕೆಗಳನ್ನು ಕೊಡಬಹುದು. ಸೊಂಟದ ಅಳತೆ, ಉದ್ದ, ಬಣ್ಣ ಎನ್ನುವಷ್ಟರಲ್ಲಿ ಮೂರೂ ಮುಗಿದವು. ಸ್ಲಿಮ್, ಸ್ಟ್ರೇಟ್ ಎಂಬ ಫಿಟ್‌ಗಳನ್ನು ಬೇರೆ ಬೇರೆ ವಸ್ತುಗಳಾಗಿಯೇ ತೋರಿಸಬೇಕಾಗುತ್ತದೆ.

ಮುಂದೆ ಶಾಪಿಫೈ ಬಿಟ್ಟು ಹೋಗಬೇಕಾದರೆ ಎಂಬ ಭಯ ಸಹಜ. ವಸ್ತು, ಗ್ರಾಹಕ, ಆರ್ಡರ್‌ಗಳ ಪಟ್ಟಿಯನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ) ಕಡತವಾಗಿ ಇಳಿಸಿಕೊಳ್ಳಬಹುದು. ಗ್ರಾಹಕರ ಪಾಸ್‌ವರ್ಡ್‌ಗಳಾಗಲಿ ಥೀಮ್ (ಅಂಗಡಿಯ ವಿನ್ಯಾಸ) ಆಗಲಿ ಜೊತೆಗೆ ಬರುವುದಿಲ್ಲ. ಹಾಗೆಂದು ಸ್ವಂತ ಹೋಸ್ಟಿಂಗ್ ಶಾಶ್ವತವೆಂದೂ ತಿಳಿಯಬೇಡಿ. ಆನ್‌ಲೈನ್ ಅಂಗಡಿಯ ಇನ್ನೊಂದು ಸಾಫ್ಟ್‌ವೇರ್ ಆದ ಮ್ಯಾಜೆಂಟೊ 1ಕ್ಕೆ 2020ರ ಜೂನ್‌ನಲ್ಲಿ ಬೆಂಬಲ ನಿಂತಾಗ, ಅದನ್ನು ತಮ್ಮದೇ ಸರ್ವರಿನಲ್ಲಿ ಇಟ್ಟುಕೊಂಡಿದ್ದವರೂ ಎರಡನೆಯ ಆವೃತ್ತಿಗಾಗಿ ಅಂಗಡಿಯನ್ನು ಬಹುಮಟ್ಟಿಗೆ ಹೊಸದಾಗಿಯೇ ಕಟ್ಟಬೇಕಾಯಿತು. ನನ್ನ ಕಟ್ಟುನಿಟ್ಟಿನ ಸಲಹೆಯೆಂದರೆ ಡೊಮೇನ್ (ಅಂಗಡಿಯ ವೆಬ್ ವಿಳಾಸ) ನಿಮ್ಮ ಹೆಸರಿನಲ್ಲಿ, ನಿಮ್ಮದೇ ಇಮೇಲ್ ಮತ್ತು ಫೋನ್ ಸಂಖ್ಯೆಯಲ್ಲಿ ನೋಂದಣಿಯಾಗಿರಬೇಕು. ಕಟ್ಟಿಕೊಟ್ಟವರ ಹೆಸರಿನಲ್ಲಿ ಡೊಮೇನ್ ಉಳಿದು, ಅದನ್ನು ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆದವರನ್ನು ನಾನೇ ಕಂಡಿದ್ದೇನೆ.

ಉತ್ತರ 3 (ಬಳ್ಳಾರಿ)

ತೆರಿಗೆ ಲೆಕ್ಕ ಬರೆಯುವವನಾಗಿ ಒಂದು ಮಾತು. ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ನಿಮ್ಮ ಅಂಗಡಿಯಿಂದ ಒಂದು ಪ್ಯಾಂಟು ಆದೋನಿಗೋ ಕರ್ನೂಲಿಗೋ ಹೋದರೆ ಅದು ಅಂತರರಾಜ್ಯ ಮಾರಾಟ, ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕು. ವೇದಿಕೆ ಯಾವುದಾದರೂ ಈ ನಿಯಮ ಬದಲಾಗದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಫೋನ್ ಎತ್ತುವವರು ಯಾರು ಎಂದು ಹುಡುಗನನ್ನು ಕೇಳಿದೆ. ಮುಂದಿನ ವರ್ಷ ತಾನೂ ಓದಲು ಹೊರಗೆ ಹೋಗುವುದಾಗಿ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಹೀಗಾಗಿ ಶಾಪಿಫೈಯಿಂದಲೇ ಆರಂಭಿಸುತ್ತೇವೆ. ಫೋಟೊ ತೆಗೆಯುವ ಮತ್ತು ಅಳತೆಯ ಪಟ್ಟಿ ಸಿದ್ಧಪಡಿಸುವ ಕೆಲಸವನ್ನು ಅವನಿಗೇ ವಹಿಸಿದ್ದೇನೆ. ಡೊಮೇನ್ ಇಂದು ಬೆಳಿಗ್ಗೆ ನನ್ನ ಹೆಸರಿನಲ್ಲಿಯೇ ನೋಂದಣಿಯಾಯಿತು. ಜಿಎಸ್‌ಟಿ ಅರ್ಜಿಯ ಕಾಗದಪತ್ರಗಳನ್ನು ಸೋಮವಾರ ಹೊಂದಿಸಿಕೊಳ್ಳುತ್ತೇನೆ.