ಹೆಡ್‌ಲೈಟ್ ಹಾಕಿದರೆ ವೈಪರ್ ಸೋಲುವ ಪದ್ಮಿನಿ: ನಾವು ಪಟ್ಟ ಪಾಡು, ಕಂಡ ದಾರಿ

ತೀರ್ಥಹಳ್ಳಿಯ ತಮ್ಮ ಕೇಳಿರುವುದಿಷ್ಟು. ಅಪ್ಪ ಬಿಟ್ಟುಹೋದ 1978ರ ಪ್ರೀಮಿಯರ್ ಪದ್ಮಿನಿ, ಡೈನಮೋ (ಇಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಕಾಲದ ಜನರೇಟರ್) ಇರುವ ಗಾಡಿ. ಹೆಡ್‌ಲೈಟ್ ಹಾಕಿದರೆ ವೈಪರ್ ನಿಧಾನವಾಗುತ್ತದೆ. ಬ್ರೇಕ್ ತುಳಿದರೆ ಹಿಂದಿನ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ. ಎರಡು ದಿನ ನಿಲ್ಲಿಸಿದರೆ ಸೆಲ್ಫ್ ಎತ್ತುವುದಿಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಪಾಡು. ಗ್ಯಾರೇಜಿನವರು ಪೂರ್ತಿ ವೈರಿಂಗ್ ಬದಲಿಸಿ ಅನ್ನುತ್ತಿದ್ದಾರೆ, ಏನು ಮಾಡಲಿ?

ತಮ್ಮಾ, ವೈರಿಂಗಿಗೆ ಈಗಲೇ ಕೈಹಾಕಬೇಡ. ನೀನು ಹೇಳಿದ ಮೊದಲ ಎರಡು ಲಕ್ಷಣ ಒಂದೇ ಕಡೆ ಬೆರಳು ತೋರಿಸುತ್ತಿವೆ: ಅರ್ತಿಂಗ್, ಅಂದರೆ ಕರೆಂಟ್ ಗಾಡಿಯ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ. ಬ್ರೇಕ್ ಬಲ್ಬಿಗೆ ಹೋದ ಕರೆಂಟಿಗೆ ಬಾಡಿಯ ಮೂಲಕ ವಾಪಸು ಬರಲು ದಾರಿ ಸಿಗದಿದ್ದರೆ ಅದು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ ಹೊರಗೆ ಹೋಗುತ್ತದೆ. ನನ್ನ ಪದ್ಮಿನಿಯಲ್ಲೂ ಇದೇ ಆಗಿತ್ತು. ಶಿವಮೊಗ್ಗದಲ್ಲಿ ಇಬ್ಬರು ಎಲೆಕ್ಟ್ರಿಷಿಯನ್‌ಗಳು ನೋಡಿ ಸ್ವಿಚ್ ಬದಲಿಸಿದರು, ಫ್ಲಾಶರ್ ಬದಲಿಸಿದರು. ಕೊನೆಗೆ ಭದ್ರಾವತಿಯ ಹಿರಿಯರೊಬ್ಬರು, ನಲವತ್ತು ವರ್ಷದಿಂದ ಅಂಬಾಸಿಡರ್ ಸಾಕುತ್ತಿರುವವರು, ಡಿಕ್ಕಿ ತೆಗೆದು ಟೈಲ್ ಲ್ಯಾಂಪಿನ ಹಿಂದಿದ್ದ ಒಂದು ಬೋಲ್ಟನ್ನು ಬೆರಳಿನಿಂದ ತಟ್ಟಿದರು. ದೀಪ ಸರಿಯಾಯಿತು, ಮತ್ತೆ ಕೆಟ್ಟಿತು. ಬಿಚ್ಚಿ ನೋಡಿದರೆ ವಾಷರಿನ ಕೆಳಗೆ ತುಕ್ಕು ಪುಡಿಪುಡಿಯಾಗಿತ್ತು.

ಆ ದಿನ ಅವರು ಕಲಿಸಿದ ಪರೀಕ್ಷೆಯನ್ನೇ ನಿನಗೂ ಹೇಳುತ್ತೇನೆ. ಹೆಡ್‌ಲೈಟ್ ಉರಿಯುತ್ತಿರಲಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ವೈರನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ (ಕ್ಲಾಂಪಿಗಲ್ಲ, ಸೀಸದ ಕಂಬಕ್ಕೆ), ಕೆಂಪು ವೈರನ್ನು ಲ್ಯಾಂಪಿನ ಅರ್ತ್ ಟರ್ಮಿನಲ್ಲಿಗೆ ಹಿಡಿ. 0.2 ವೋಲ್ಟಿನೊಳಗಿದ್ದರೆ ಸರಿ. ನನ್ನದರಲ್ಲಿ ಒಂದೂವರೆ ದಾಟಿತ್ತು! ಲೈಟ್ ಆರಿಸಿ ಅಳೆದರೆ ಏನೂ ಕಾಣುವುದಿಲ್ಲ, ಕರೆಂಟ್ ಹರಿಯುವಾಗಲೇ ಅಳೆಯಬೇಕು. ಬಲ್ಬಿಗೆ ವೋಲ್ಟೇಜ್ ಶೇಕಡಾ 10 ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಹಾಗಾಗಿ ಮಂದ ಬೆಳಕಿಗೆ ದೊಡ್ಡ ಬಲ್ಬು ಹಾಕುವುದು ಮದ್ದಲ್ಲ, ಹಳೆಯ ಸ್ವಿಚ್ ಸುಡುತ್ತದೆ ಅಷ್ಟೆ. ಇಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿ, ಬ್ಯಾಟರಿ ಕ್ಲಾಂಪು, ಮುಂದಿನ ಮತ್ತು ಹಿಂದಿನ ಲ್ಯಾಂಪುಗಳ ಬೋಲ್ಟು, ಇವನ್ನೆಲ್ಲ ಬಿಚ್ಚಿ ಲೋಹ ಹೊಳೆಯುವ ತನಕ ಎಮರಿ ಪೇಪರಿನಲ್ಲಿ ಉಜ್ಜು. ಬಿಗಿದ ಮೇಲೆ ವ್ಯಾಸಲೀನ್ ಸವರು. ಪಿಂಗಾಣಿ ಫ್ಯೂಸುಗಳನ್ನು ಸುಮ್ಮನೆ ಕಣ್ಣಲ್ಲಿ ನೋಡಿ ಬಿಡಬೇಡ. ಫ್ಯೂಸ್ ಚೆನ್ನಾಗಿದ್ದು ಹಿಡಿಯುವ ಕ್ಲಿಪ್ಪಿಗೆ ಹಸಿರು ಕಟ್ಟಿರುತ್ತದೆ. ನಮ್ಮ ಮಳೆಗಾಲ ಇದನ್ನೆಲ್ಲ ಬೇರೆ ಊರುಗಳಿಗಿಂತ ಬೇಗ ತಿನ್ನುತ್ತದೆ.

ಬ್ಯಾಟರಿ ಇಳಿಯುವುದು ಬೇರೆಯೇ ವ್ಯಾಧಿ ಇರಬಹುದು. ರಾತ್ರಿ ಗಾಡಿ ನಿಲ್ಲಿಸಿ, ಬೆಳಗ್ಗೆ ಬಾನೆಟ್ ಎತ್ತಿ ಮೊದಲು ಡೈನಮೋ ಮುಟ್ಟಿ ನೋಡು. ಇಂಜಿನ್ ತಣ್ಣಗಿದ್ದು ಡೈನಮೋ ಮಾತ್ರ ಬೆಚ್ಚಗಿದ್ದರೆ ಕಟೌಟಿನ (ಡೈನಮೋ ನಿಂತಾಗ ಅದನ್ನು ಬ್ಯಾಟರಿಯಿಂದ ಬಿಡಿಸುವ ಸ್ವಿಚ್) ಪಾಯಿಂಟ್ ಅಂಟಿಕೊಂಡಿದೆ, ಬ್ಯಾಟರಿಯ ಕರೆಂಟ್ ರಾತ್ರಿಯಿಡೀ ಡೈನಮೋಗೆ ಹಿಂದಕ್ಕೆ ಹರಿದಿದೆ ಎಂದರ್ಥ. ಸಾಗರದ ಗೆಳೆಯರೊಬ್ಬರು ಮೂರು ಬ್ಯಾಟರಿ ಬದಲಿಸಿದ ಮೇಲೆ ಇದು ತಿಳಿಯಿತು, ಪಾಪ. ಬೆಚ್ಚಗಿಲ್ಲದಿದ್ದರೆ ನೆಗೆಟಿವ್ ಕ್ಲಾಂಪ್ ಬಿಚ್ಚಿ, ಕ್ಲಾಂಪಿಗೂ ಕಂಬಕ್ಕೂ ನಡುವೆ ಟೆಸ್ಟಿಂಗ್ ಬಲ್ಬ್ (ಎರಡು ವೈರು ಕಟ್ಟಿದ ಗಾಡಿಯ ಬಲ್ಬು) ಹಿಡಿ. ಬಾಗಿಲು ಮುಚ್ಚಿರಲಿ, ಎಲ್ಲ ಆಫ್ ಇರಲಿ. ಬಲ್ಬ್ ಉರಿದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆ, ಯಾವುದಕ್ಕೆ ಆರುತ್ತದೋ ಆ ಲೈನಿನಲ್ಲಿ ಕಳ್ಳ. ಯಾವುದಕ್ಕೂ ಆರದಿದ್ದರೆ ಫ್ಯೂಸಿಲ್ಲದ ವೈರುಗಳ ಕಡೆ ಹೋಗು. ಬಲ್ಬ್ ಹಿಡಿದಿರುವಾಗ ಸೆಲ್ಫ್ ಹೊಡೆಯಬೇಡ.

ಗಾಡಿಯನ್ನು ಅಡಿಕೆ ದಾಸ್ತಾನಿನ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತೀಯಾದರೆ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಾಕಿ ನೋಡು. ಇಲಿ ಕಡಿದು ತಾಮ್ರ ಕಂಡ ವೈರುಗಳು ನನಗೇ ಎರಡು ಸಲ ಸಿಕ್ಕಿವೆ. ಅಲ್ಲಿ ಬರಿ ಟೇಪ್ ಸುತ್ತದೆ, ಬೆಸುಗೆ ಹಾಕಿಸಿ ಮೇಲೆ ಸ್ಲೀವ್ (ವೈರಿನ ಹೊದಿಕೆ ಕೊಳವೆ) ತೊಡಿಸು.

ನೀನು ಕೇಳದ ಒಂದನ್ನೂ ಸೇರಿಸುತ್ತೇನೆ, ಆಗುಂಬೆ ಕಡೆ ಹೋಗುವವನು ನೀನು. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಜಾಗ ಅದು. ಘಾಟಿಯ 14 ತಿರುವುಗಳ ನಡುವೆ ನನ್ನ ಗಾಡಿ ಒಮ್ಮೆ ನಿಂತೇಬಿಟ್ಟಿತು. ಜೊತೆಗಿದ್ದ ಮಾವ ಡೆಲ್ಕೊ ಕ್ಯಾಪ್ (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ) ತೆಗೆದು, ಒಣಗಿದ ಪಂಚೆಯ ತುದಿಯಿಂದ ಒಳಹೊರಗೆ ಒರೆಸಿದರು, ಇಂಜಿನ್ ಹೊತ್ತಿತು. ಮನೆಗೆ ಬಂದು ನೋಡಿದರೆ ಕ್ಯಾಪಿನ ಒಳಗೆ ಕೂದಲಿನಷ್ಟು ತೆಳುವಾದ ಕಪ್ಪು ಗೆರೆ ಇತ್ತು, ಸ್ಪಾರ್ಕ್ ಅದರ ಮೇಲೆ ಹರಿಯುತ್ತಿತ್ತು. ಆ ಗೆರೆ ಕಂಡರೆ ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಬದಲಿಸಬೇಕು. ಕತ್ತಲಲ್ಲಿ ಬಾನೆಟ್ ಎತ್ತಿ ಇಂಜಿನ್ ಚಾಲೂ ಇಟ್ಟರೆ ಸೋರುವ ಪ್ಲಗ್ ವೈರುಗಳ ಮೇಲೆ ನೀಲಿ ಮಿಂಚು ಓಡುವುದು ಕಾಣುತ್ತದೆ. ಆಗ ಕೈ ಹಾಕಬೇಡ.

ಅರ್ತಿಂಗ್ ಮುಗಿಸಿ, ಇಂಜಿನ್ ವೇಗ ಕೊಟ್ಟು ಬ್ಯಾಟರಿಯ ವೋಲ್ಟೇಜ್ ಅಳೆದು ತಿಳಿಸು. ಡೈನಮೋ ಗಾಡಿ ಐಡ್ಲಿಂಗಿನಲ್ಲಿ ಚಾರ್ಜ್ ಮಾಡದೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕಿದರೆ ಗಾಬರಿ ಬೇಡ, ವೇಗ ಏರಿದಾಗ ಹದಿಮೂರೂವರೆ ದಾಟಬೇಕು. ದಾಟದಿದ್ದರೆ ನನ್ನ ಬಳಿ ಸರಿಯಿರುವ ಹಳೆಯ ಕಟೌಟ್ ಒಂದಿದೆ. ಭಾನುವಾರ ಶಿವಮೊಗ್ಗಕ್ಕೆ ಬಾ, ಹಾಕಿ ನೋಡೋಣ.