ಸಹಾಯ ಬೇಕು: ಸ್ಪ್ಯಾನಿಷ್ ಮಾತಾಡೋರಿಗೆ ಪಾಡ್‌ಕಾಸ್ಟ್ ಇಟ್ಕೊಂಡು ಇಂಗ್ಲಿಷ್ ಗ್ರಾಮರ್ ಹೇಳ್ಕೊಡೋದು ಹೇಗೆ?

ಎಲ್ರಿಗೂ ನಮಸ್ಕಾರ, ನಾನು ಟೆಕ್ಸಾಸ್‌ನಲ್ಲಿದೀನಿ, ಇಲ್ಲಿ ಲೈಬ್ರರಿಲಿ ಮೆಕ್ಸಿಕೋ, ಹೊಂಡುರಾಸ್ ಕಡೆಯಿಂದ ಬಂದಿರೋ ದೊಡ್ಡವರಿಗೆ ಇಂಗ್ಲಿಷ್ ಹೇಳ್ಕೊಡ್ತೀನಿ. ಪುಸ್ತಕ ಹಿಡ್ಕೊಂಡು ಕೂರೋಕೆ ಅವ್ರಿಗೆ ಟೈಮಿಲ್ಲ, ಕೆಲ್ಸಕ್ಕೆ ಹೋಗ್ತಾ ಬರ್ತಾ ಕೇಳ್ಲಿ ಅಂತ ಬಿಬಿಸಿಯ 6 ಮಿನಿಟ್ ಇಂಗ್ಲಿಷ್ ಪಾಡ್‌ಕಾಸ್ಟ್ ಕೊಡ್ತಿದೀನಿ, ಟ್ರಾನ್ಸ್‌ಕ್ರಿಪ್ಟೂ ಸಿಗುತ್ತೆ. ವಿಷಯ ಅರ್ಥ ಆಗುತ್ತೆ, ಗ್ರಾಮರ್ ಮಾತ್ರ ಕಿವಿಗೆ ಬೀಳ್ತಿಲ್ಲ. ಸ್ಪ್ಯಾನಿಷ್‌ನಲ್ಲಿ ನಮ್ ಕನ್ನಡದ ಥರಾನೇ ಕರ್ತೃಪದ ಬಿಟ್ರೂ ನಡೆಯುತ್ತೆ, ಅದಕ್ಕೇ ‘ಇಟ್’ ಬಿಟ್ಟು ‘ಈಸ್ ರೈನಿಂಗ್’ ಅಂತಾರೆ, ಪ್ರಶ್ನೆ ಕೇಳುವಾಗ ‘ಡು’ ‘ಡಸ್’ ಬರೋದೇ ಇಲ್ಲ ಯಾಕಂದ್ರೆ ಅವ್ರ ಭಾಷೇಲಿ ಅಂಥದ್ದಿಲ್ಲ. ಸದ್ಯ ಟ್ರಾನ್ಸ್‌ಕ್ರಿಪ್ಟಲ್ಲಿ ಆ ಪದಗಳನ್ನ ಅಳಿಸಿ ಕೇಳಿ ತುಂಬಿ ಅಂತೀನಿ, ಬರೀವಾಗ ಸರಿ, ಮಾತಾಡುವಾಗ ಮತ್ತೆ ಅದೇ. ಇಂಗ್ಲಿಷ್ ಪಾಠ ಮಾಡೋರು ಯಾರಾದ್ರೂ ಇದ್ರೆ, ಕೇಳಿದ್ದನ್ನ ಮಾತಿಗೆ ತರ್ಸೋಕೆ ಏನ್ ಮಾಡ್ತೀರ ಹೇಳಿ ಪ್ಲೀಸ್. ನಿಧಾನಕ್ಕೆ ಮಾತಾಡೋ, ಅಮೆರಿಕನ್ ಉಚ್ಚಾರಣೆಯ ಪಾಡ್‌ಕಾಸ್ಟ್ ಗೊತ್ತಿದ್ರೂ ತಿಳಿಸಿ.