ಮೈಸೂರಿಗೆ ಐಎಸ್ಎಸ್ ಬರೋದೇ ಇಲ್ಲ ಅಂತಿದೆ ನನ್ನ ಪೈಥಾನ್ ಕೋಡ್

ತಾರಸಿವಾಸಿ:
ಕುವೆಂಪುನಗರದ ನಮ್ಮ ಮನೆ ತಾರಸಿಯಿಂದ ಮಗಳಿಗೆ ಬಾಹ್ಯಾಕಾಶ ನಿಲ್ದಾಣ (ಐಎಸ್ಎಸ್) ತೋರಿಸೋಣ ಅಂತ ಸ್ಕೈಫೀಲ್ಡ್ ಅನ್ನೋ ಪೈಥಾನ್ ಲೈಬ್ರರಿ ಬಳಸಿ ಒಂದು ಸಣ್ಣ ಕೋಡ್ ಬರೆದೆ. ಎರರ್ ಒಂದೂ ಇಲ್ಲ, ಆದರೆ ನಿಲ್ದಾಣ ಯಾವಾಗ ಹಾದುಹೋಗುತ್ತದೆ ಅಂತ ಹುಡುಕುವ ಫೈಂಡ್ ಈವೆಂಟ್ಸ್ ಫಂಕ್ಷನ್ ಕೊಡುವುದು ಬರೀ ಖಾಲಿ ಲಿಸ್ಟ್. ಹತ್ತು ದಿನದ ಅವಧಿ ಕೊಟ್ಟರೂ ಅಷ್ಟೇ. ಮೊಬೈಲ್ ಆ್ಯಪ್ ಮಾತ್ರ ನಾಳೆ ಸಂಜೆ 7:05ಕ್ಕೇ ಇದೆ ಅನ್ನುತ್ತಿದೆ. ಜಾಗ ಕೊಟ್ಟಿರುವುದು ಲ್ಯಾಟ್‌ಲಾನ್(76.64, 12.30), ದಿಗಂತದಿಂದ ಕನಿಷ್ಠ ಎತ್ತರ 10 ಡಿಗ್ರಿ. ಎರಡು ರಾತ್ರಿ ಕೂತೆ, ತಪ್ಪು ಸಿಗುತ್ತಿಲ್ಲ.

ಮಂಡ್ಯದ_ಲೂಪು:
ಸಾರ್, ಫಂಕ್ಷನ್ ಹೆಸರಲ್ಲೇ ಇದೆಯಲ್ವಾ, ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ನೀವು ಅದಲುಬದಲು ಮಾಡಿದ್ದೀರಿ. 76.64 ಉತ್ತರ, 12.30 ಪೂರ್ವ ಅಂದರೆ ನಿಮ್ಮ ತಾರಸಿ ಈಗ ಸ್ವಾಲ್‌ಬಾರ್ಡ್ ಹತ್ತಿರದ ಸಮುದ್ರದಲ್ಲಿದೆ! ಐಎಸ್ಎಸ್ ಕಕ್ಷೆ ಭೂಮಧ್ಯರೇಖೆಗೆ 51.6 ಡಿಗ್ರಿ ಓರೆ, ಅದಕ್ಕಿಂತ ಉತ್ತರಕ್ಕೆ ಅದು ಹೋಗುವುದೇ ಇಲ್ಲ. ಸುಮಾರು 420 ಕಿ.ಮೀ. ಎತ್ತರದಲ್ಲಿ ಇರುವುದರಿಂದ ಇನ್ನೊಂದು 20 ಡಿಗ್ರಿ ಆಚೆಯವರಿಗೂ ದಿಗಂತದಲ್ಲಿ ಇಣುಕಬಹುದು, ಅಂದರೆ ಹೆಚ್ಚೆಂದರೆ 72ರ ತನಕ. 76ರಲ್ಲಿ ಕೂತವರಿಗೆ ಖಾಲಿ ಲಿಸ್ಟೇ ಸರಿ ಉತ್ತರ, ಕೋಡ್ ಪಾಪ ಸತ್ಯವನ್ನೇ ಹೇಳಿದೆ. ಅಂಕಿಗಳನ್ನು ಜಿಯೋಜೇಸನ್ ಅನ್ನೋ ನಕ್ಷೆ ಫೈಲಿನಿಂದ ಎತ್ತಿದ್ರಾ? ಅದರಲ್ಲಿ ರೇಖಾಂಶ ಮೊದಲು ಬರುತ್ತದೆ. ನಾನೂ ಒಮ್ಮೆ ಕೆಆರ್‌ಎಸ್ಸನ್ನು ಹೀಗೇ ಹಿಮದ ಸಮುದ್ರಕ್ಕೆ ಕಳಿಸಿದ್ದೆ.

ತಾರಸಿವಾಸಿ:
ಅಯ್ಯೋ, ಹೌದು, ಜಿಯೋಜೇಸನ್ನೇ! ತಿರುಗಿಸಿ ಹಾಕಿದೆ, ಲಿಸ್ಟ್ ಬಂತು. ಈಗ ಇನ್ನೊಂದು ತಲೆನೋವು. ಎರಡು ದಿನಕ್ಕೆ ಐದು ಸಲ ತೋರಿಸುತ್ತಿದೆ, ಆ್ಯಪ್‌ನಲ್ಲಿ ಇರುವುದು ಒಂದೇ. ಆ 7:05 ನನ್ನ ಲಿಸ್ಟಲ್ಲಿ ಇಲ್ಲ. ಇರುವುದು 13:35, ಮಟಮಟ ಮಧ್ಯಾಹ್ನ ಏನು ಕಾಣುತ್ತದೆ?

ಕತ್ತಲೆಪ್ರಿಯ:
ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. 5:30 ಸೇರಿಸಿ, 7:05 ಆಗುತ್ತದೆ. ಉಳಿದ ನಾಲ್ಕೂ ಸುಳ್ಳಲ್ಲ. ನಿಲ್ದಾಣ ನಿಮ್ಮ ತಲೆ ಮೇಲೆ ಹೋಗುತ್ತದೆ, ಆದರೆ ಕಾಣುವುದಿಲ್ಲ. ಅದಕ್ಕೆ ಸ್ವಂತ ಬೆಳಕಿಲ್ಲ, ಬಿಸಿಲು ಬಿದ್ದರೆ ತಾನೇ ಹೊಳೆಯುವುದು. ಹಗಲಲ್ಲಿ ಆಕಾಶವೇ ಜಾಸ್ತಿ ಬೆಳ್ಳಗೆ, ನಡುರಾತ್ರಿ ಅದು ಭೂಮಿಯ ನೆರಳಲ್ಲಿ. ನಮಗೆ ಕತ್ತಲಾಗಿ ಅದಕ್ಕೆ ಇನ್ನೂ ಬಿಸಿಲಿರಬೇಕು, ಹಾಗಾಗಿ ಸಂಜೆ ಅಥವಾ ಬೆಳಗಿನ ಜಾವ. ಸೂರ್ಯ, ಗ್ರಹಗಳ ಸ್ಥಾನ ಇರುವ ಡಿಇ421 ಫೈಲ್ ಲೋಡ್ ಮಾಡಿ, ಈಸ್ ಸನ್‌ಲಿಟ್ (ನಿಲ್ದಾಣಕ್ಕೆ ಬಿಸಿಲು ಬಿದ್ದಿದೆ) ಟ್ರೂ ಇದೆಯಾ, ನಿಮ್ಮ ಜಾಗದಲ್ಲಿ ಸೂರ್ಯ ಮೈನಸ್ 6 ಡಿಗ್ರಿಗಿಂತ ಕೆಳಗಿದ್ದಾನಾ, ಎರಡನ್ನೂ ಕೇಳಿ ಜರಡಿ ಹಿಡಿಯಿರಿ. ಹಾಗೇ ಟಿಎಲ್ಇ, ಅಂದರೆ ಕಕ್ಷೆಯ ಅಂಕಿಗಳಿರುವ ಫೈಲ್, ಅದರ ತಾರೀಕೂ ನೋಡಿಕೊಳ್ಳಿ. ಫೋಲ್ಡರಲ್ಲಿ ಹಳೇ ಫೈಲ್ ಬಿದ್ದಿದ್ದರೆ ಸ್ಕೈಫೀಲ್ಡ್ ಸುಮ್ನೆ ಅದನ್ನೇ ಓದಿಬಿಡುತ್ತದೆ, ಐಎಸ್ಎಸ್ ವಿಷಯದಲ್ಲಿ ಅದು ನಡೆಯಲ್ಲ. ಗಾಳಿಯ ಎಳೆತಕ್ಕೆ ಅದು ಇಳಿಯುತ್ತಾ ಇರುತ್ತದೆ, ಆಗಾಗ ಎಂಜಿನ್ ಉರಿಸಿ ಮೇಲೆತ್ತುತ್ತಾರೆ.

ತಾರಸಿವಾಸಿ:
ನೋಡಿದೆವು! ವಾಯವ್ಯದಲ್ಲಿ ಪಕ್ಕದ ಮನೆಯ ತೆಂಗಿನ ಗರಿ ಸಂದಿಯಿಂದ ಬಂತು, ಕನಿಷ್ಠ ಎತ್ತರ 20 ಇಡಬೇಕಿತ್ತು. ತಲೆ ಮೇಲೆ ಹಾದು ಚಾಮುಂಡಿ ಬೆಟ್ಟದ ದೀಪಗಳ ಕಡೆ ಇಳಿಯುತ್ತಿದ್ದ ಹಾಗೇ ಮಂಕಾಗಿ, ಕೆಂಪಗಾಗಿ, ಆರಿಹೋಯಿತು. ‘ಯಾರು ಆಫ್ ಮಾಡಿದ್ರಪ್ಪಾ?’ ಅಂದಳು ಮಗಳು. ಇವತ್ತು ಈಸ್ ಸನ್‌ಲಿಟ್ ಫಾಲ್ಸ್ ಆಗುವ ಸೆಕೆಂಡನ್ನೂ ಪ್ರಿಂಟ್ ಮಾಡಿಸಿ ಅವಳ ಕೈಗೆ ಕೊಡುತ್ತೇನೆ.

ಮಂಡ್ಯದ_ಲೂಪು:
ನಮ್ಮ ಕಡೆ ಬರೀ ಮೋಡ ಸಾರ್. ಅದಕ್ಕೆ ಯಾವ ಫಂಕ್ಷನ್ನೂ ಇಲ್ಲ.